ಬ್ರಿಟಿಷ್ ಮುತ್ತಾತನ್ನ ಹುಡುಕೋರು ಮೊದ್ಲು ಇಸವಿ ಹಿಡೀಬೇಕು

ಸಂಪಾದಕರಿಗೆ ನಮಸ್ಕಾರ,

ನಮ್ಮ ಚಿತ್ರದುರ್ಗದ ಕೋಟೆ ನೋಡೋಕೆ ಬರೋ ಇಂಗ್ಲೆಂಡ್ ಕಡೆಯವ್ರಲ್ಲಿ ಕೆಲವ್ರು "ನಮ್ಮ ಅಜ್ಜನ ಅಜ್ಜ ಈ ಊರಲ್ಲಿದ್ರಂತೆ, ಸಮಾಧಿ ಎಲ್ಲಿದೆ" ಅಂತ ಕೇಳ್ತಾರೆ. ಪಾಪ ಅಷ್ಟು ದೂರದಿಂದ ಬಂದಿರ್ತಾರೆ, ನಮ್ಮ ಜನ ಬರಿಗೈಲಿ ಕಳಿಸಬಾರ್ದು ಅಂತ ಏನೋ ಒಂದು ಕಥೆ ಹೇಳಿ ಯಾವುದೋ ಒಂದು ಕಲ್ಲು ತೋರಿಸಿ ಕಳಿಸಿಬಿಡ್ತಾರೆ. ಇದು ಸರಿ ಅಲ್ಲ ಅನ್ನೋದಕ್ಕೇ ಈ ಪತ್ರ. ಹುಡುಕೋಕೆ ದಾರಿ ಇದೆ, ಆದ್ರೆ ಅದು ಕೋಟೆ ಬಾಗಿಲಿಂದ ಶುರುವಾಗಲ್ಲ.

ನನ್ನ ಅಕ್ಕನ ಮಗ ಲೀಡ್ಸ್‌ನಲ್ಲಿದ್ದಾನೆ. ಅವನ ಜೊತೆ ಕೆಲಸ ಮಾಡೋ ಒಬ್ಬ ಹೆಣ್ಣುಮಗಳು, ಅವನ ಮಾವ ಅಂದ್ರೆ ನಾನು ಚಿತ್ರದುರ್ಗದವನು ಅಂತ ಗೊತ್ತಾಗಿ ಅವನ ಕೈಲಿ ನಂಗೆ ಕೇಳಿಸಿದ್ರು. ಅವರ ಮನೇಲಿ ತಲೆತಲಾಂತರದಿಂದ ಬಂದ ಮಾತು ಏನಂದ್ರೆ ಪೂರ್ವಿಕರೊಬ್ರು ಕರ್ನಲ್ ಆಗಿದ್ರು, ಟಿಪ್ಪು ಮೇಲೆ ಯುದ್ಧ ಮಾಡ್ತಾ ಚಿತ್ರದುರ್ಗದಲ್ಲಿ ಸತ್ರು ಅಂತ. ಟಿಪ್ಪು ಸತ್ತಿದ್ದು 1799ರಲ್ಲಿ ಶ್ರೀರಂಗಪಟ್ಟಣದಲ್ಲಿ, ಈ ಕರ್ನಲ್ ಸಾಹೇಬ್ರ ಮಗಳು ಹುಟ್ಟಿದ್ದು 1840 ಆದ್ಮೇಲೆ. ಲೆಕ್ಕ ಎಲ್ಲಿ ಕೂಡುತ್ತೆ ಹೇಳಿ. ಅದಕ್ಕೆ ನಾನು ಹೇಳಿದ್ದು ಇಷ್ಟೇ, ಅಮ್ಮ, ಇಂಡಿಯಾ ಕಡೆ ಆಮೇಲೆ ಬನ್ನಿ, ಮೊದ್ಲು ನಿಮ್ಮೂರಲ್ಲೇ ಸಿಗೋ ಕಾಗದ ತೆಗೀರಿ, ನಿಮ್ಮಿಂದ ಅಪ್ಪ ಅಮ್ಮ, ಅಲ್ಲಿಂದ ಅಜ್ಜ ಅಜ್ಜಿ, ಹೀಗೆ ಒಂದೊಂದೇ ಮೆಟ್ಲು ಹಿಂದಕ್ಕೆ ಹೋಗಿ ಅಂತ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜನನ ಮದುವೆ ಮರಣ ಸರ್ಕಾರಿ ದಾಖಲೆ ಆಗೋಕೆ ಶುರುವಾಗಿದ್ದು 1837ರ ಜುಲೈನಿಂದ, ಸ್ಕಾಟ್ಲೆಂಡಿನಲ್ಲಿ 1855ರಿಂದ. ಅಲ್ಲಿನ ಮದುವೆ ಸರ್ಟಿಫಿಕೇಟಲ್ಲಿ ಗಂಡು ಹೆಣ್ಣು ಇಬ್ಬರ ಅಪ್ಪನ ಹೆಸರು, ಕಸುಬು ಬರೀತಿದ್ರು. 1851ರಿಂದ ಈಚಿನ ಸೆನ್ಸಸ್ ಹಾಳೆಗಳಲ್ಲಿ ಹುಟ್ಟಿದ ಊರಿನ ಕಾಲಂ ಇದೆ, ಇಂಡಿಯಾದಲ್ಲಿ ಹುಟ್ಟಿ ವಾಪಸ್ ಹೋದವ್ರ ಸುಳಿವು ಅಲ್ಲೇ ಸಿಗುತ್ತೆ. 1921ರವರೆಗಿನ ಸೆನ್ಸಸ್ ಈಗ ಎಲ್ರಿಗೂ ನೋಡೋಕೆ ಸಿಗುತ್ತೆ, ಇಂಗ್ಲೆಂಡ್ ಮತ್ತು ವೇಲ್ಸ್‌ನ 1931ರದ್ದು ಬೆಂಕೀಲಿ ಸುಟ್ಟುಹೋಗಿದೆ. ಆ ಹೆಣ್ಣುಮಗಳು ಇದನ್ನೆಲ್ಲ ತೆಗೆಸಿದ್ರು ನೋಡಿ, ಆ ಕರ್ನಲ್ ಮಗಳ ಮದುವೆ ಸರ್ಟಿಫಿಕೇಟಲ್ಲಿ ಅಪ್ಪನ ಕಸುಬು ಸಾರ್ಜೆಂಟ್ ಮೇಜರ್ ಅಂತಿತ್ತು, ಕರ್ನಲ್ ಅಲ್ಲ. ಅವ್ರಿಗೆ ಸ್ವಲ್ಪ ಬೇಜಾರಾಯ್ತಂತೆ. ನಂಗಂತೂ ತುಂಬಾ ಖುಷಿ ಆಯ್ತು, ಯಾಕಂದ್ರೆ ಸಾರ್ಜೆಂಟ್ ಮೇಜರ್ ಅಂದ ತಕ್ಷಣ ನಂಗೆ ಹರಿಹರ ನೆನಪಾಯ್ತು. ಚಿತ್ರದುರ್ಗದ ಕೋಟೇಲಿ 1799ರ ನಂತರ ಸ್ವಲ್ಪ ಕಾಲ ಇದ್ದ ಈಸ್ಟ್ ಇಂಡಿಯಾ ಕಂಪನಿ ಸೈನ್ಯ, ಇಲ್ಲಿ ಆರೋಗ್ಯ ಕೆಡುತ್ತೆ ಅಂತ ಬಿಟ್ಟು ಹೋಯ್ತು. ಹರಿಹರದಲ್ಲಿ ಹಾಗಲ್ಲ, ಊರಾಚೆ ಕಂಟೋನ್ಮೆಂಟಲ್ಲಿ 1865ರವರೆಗೂ ಒಂದು ದೇಶಿ ಸಿಪಾಯಿಗಳ ರೆಜಿಮೆಂಟ್ ಇತ್ತು. ಅಂಥ ರೆಜಿಮೆಂಟಲ್ಲಿ ಆಫೀಸರ್‌ಗಳನ್ನ ಬಿಟ್ರೆ ಬಿಳಿಯರು ಅಂತ ಇರ್ತಿದ್ದೋರು ಬಹುಮಟ್ಟಿಗೆ ಸಾರ್ಜೆಂಟ್ ಮೇಜರ್ ಮತ್ತು ಕ್ವಾರ್ಟರ್ ಮಾಸ್ಟರ್ ಸಾರ್ಜೆಂಟ್ ಅಷ್ಟೇ.

ಹರಿಹರ ಚಿತ್ರದುರ್ಗ ಹೇಗಾಯ್ತು ಅಂತ ಈಗಿನ ಹುಡುಗ್ರು ಕೇಳಬಹುದು. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ, ಅದಕ್ಕೂ ಮುಂಚೆ ಹರಿಹರ, ದಾವಣಗೆರೆ, ಜಗಳೂರು ಎಲ್ಲಾ ಚಿತ್ರದುರ್ಗದ್ದೇ. ಇನ್ನೂ ಮುಖ್ಯವಾದ ವಿಷಯ, ಹರಿಹರದ ಹತ್ರ ತುಂಗಭದ್ರೆ ಈಚೆ ದಡ ಮೈಸೂರು ಸೀಮೆ, ಆಚೆ ದಡ ರಾಣೆಬೆನ್ನೂರು ಕಡೆ ಧಾರವಾಡ ಜಿಲ್ಲೆ ಅಂದ್ರೆ ಬಾಂಬೆ ಪ್ರೆಸಿಡೆನ್ಸಿ, ಪಕ್ಕದ ಹರಪನಹಳ್ಳಿ ಬಳ್ಳಾರಿ ಜಿಲ್ಲೆ ಅಂದ್ರೆ ಮದ್ರಾಸ್ ಪ್ರೆಸಿಡೆನ್ಸಿ. ಒಂದು ದಿನದ ದಾರೀಲಿ ಮೂರು ಸರ್ಕಾರ! ಮುತ್ತಾತ ಯಾವ ದಡದಲ್ಲಿದ್ದ, ಯಾವ ಇಸವೀಲಿದ್ದ ಅನ್ನೋದು ಗೊತ್ತಿಲ್ದೇ ಇದ್ರೆ ಕಾಗದ ಯಾವ ಊರಲ್ಲಿ ಹುಡುಕ್ಬೇಕು ಅನ್ನೋದೇ ಗೊತ್ತಾಗಲ್ಲ. ಮೈಸೂರಿನದ್ದೇ ಮೂರು ಕಾಲ ಇದೆ. 1799ರಿಂದ 1831ರವರೆಗೆ ಒಡೆಯರ ಆಳ್ವಿಕೆ, ಜೊತೆಗೆ ಒಬ್ಬ ಬ್ರಿಟಿಷ್ ರೆಸಿಡೆಂಟ್, ಅಂದ್ರೆ ಬ್ರಿಟಿಷರ ಪ್ರತಿನಿಧಿ. 1831ರಿಂದ 1881ರವರೆಗೆ ಕಮಿಷನರ್ ಆಡಳಿತ, ಕಬ್ಬನ್, ಬೌರಿಂಗ್ ಅವರ ಕಾಲ, ಆಗ ಚಿತ್ರದುರ್ಗ ವಿಭಾಗಕ್ಕೂ ಬ್ರಿಟಿಷ್ ಸೂಪರಿಂಟೆಂಡೆಂಟ್ ಇರ್ತಿದ್ರು. 1881ರಲ್ಲಿ ರಾಜ್ಯ ವಾಪಸ್ ಒಡೆಯರಿಗೆ ಬಂತು, ಆಮೇಲೆ ಇಲ್ಲಿ ಕೆಲಸಕ್ಕಿದ್ದ ಎಷ್ಟೋ ಯುರೋಪಿಯನ್ನರು ಮೈಸೂರು ಸರ್ಕಾರದ ನೌಕರರು, ಅವರ ವಿಚಾರ ಲಂಡನ್ನಿಗಿಂತ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ನೋಡೋದು ಒಳ್ಳೇದು.

ಹುಟ್ಟು ಮದುವೆ ಸಾವಿನ ವಿಷಯಕ್ಕೆ ಬಂದ್ರೆ ಇಲ್ಲಿನ ಬ್ರಿಟಿಷರ ಮಟ್ಟಿಗೆ ಚರ್ಚ್ ರಿಜಿಸ್ಟರೇ ಆಧಾರ. ಪಾದ್ರಿ ಬರೆದದ್ದರ ನಕಲು ಮದ್ರಾಸಿಗೆ ಹೋಗ್ತಿತ್ತು, ಅಲ್ಲಿಂದ ಲಂಡನ್ನಿಗೆ. ಆ ನಕಲುಗಳು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ರೆಕಾರ್ಡ್ಸ್ ಅನ್ನೋ ದಾಖಲೆ ವಿಭಾಗದಲ್ಲಿವೆ, ಅಲ್ಲಿನ ಸಾಲಿನ ಗುರುತು ಬಂಗಾಳಕ್ಕೆ ಎನ್/1, ಮದ್ರಾಸಿಗೆ ಎನ್/2, ಬಾಂಬೆಗೆ ಎನ್/3, ನಮ್ಮ ಮೈಸೂರಿನವು ಮದ್ರಾಸಿನ ಸಾಲಿನಲ್ಲೇ ಇರ್ತವೆ. ಫೈಂಡ್‌ಮೈಪಾಸ್ಟ್ ಅನ್ನೋ ವೆಬ್‌ಸೈಟಲ್ಲಿ ದುಡ್ಡು ಕೊಟ್ರೆ ಆ ನಕಲು ಹಾಳೆಯ ಚಿತ್ರನೇ ನೋಡ್ಬಹುದು. ದುಡ್ಡಿಲ್ದೇ ಶುರು ಮಾಡೋರಿಗೆ ಫ್ಯಾಮಿಲಿಸರ್ಚ್ ಅನ್ನೋ ವೆಬ್‌ಸೈಟ್ ಇದೆ, ಬ್ರಿಟಿಷ್ ಇಂಡಿಯಾದಲ್ಲಿದ್ದ ಮನೆತನಗಳ ಚರಿತ್ರೆ ನೋಡೋ ಫಿಬಿಸ್ ಅನ್ನೋ ಸಂಸ್ಥೆಯ ಹುಡುಕಾಟ ಇದೆ. ಸೈನಿಕ ಇಂಗ್ಲೆಂಡ್ ಸರ್ಕಾರದ ಬ್ರಿಟಿಷ್ ಸೈನ್ಯದವನಾದ್ರೆ ಲಂಡನ್ನಿನ ಕ್ಯೂ ಅನ್ನೋ ಜಾಗದಲ್ಲಿರೋ ನ್ಯಾಷನಲ್ ಆರ್ಕೈವ್ಸ್, ಕಂಪನಿ ಸೈನ್ಯದವನಾದ್ರೆ ಬ್ರಿಟಿಷ್ ಲೈಬ್ರರಿ, ಇದನ್ನ ಅದಲು ಬದಲು ಮಾಡ್ಕೊಂಡು ವರ್ಷಗಟ್ಟಲೆ ಹುಡುಕೋರಿದಾರೆ. ಮಿಷನರಿ ಮನೆತನ ಆದ್ರೆ ಇನ್ನೊಂದು ದಾರಿ, ವೆಸ್ಲಿಯನ್ ಅನ್ನೋ ಪ್ರೊಟೆಸ್ಟೆಂಟ್ ಮಿಷನ್ ಕಾಗದ ಲಂಡನ್ನಿನ ಸೋಆಸ್ ಅನ್ನೋ ವಿಶ್ವವಿದ್ಯಾಲಯದ ಲೈಬ್ರರೀಲಿದೆ. ಊರ ಹೆಸರು ಈಗಿನ ಸ್ಪೆಲ್ಲಿಂಗಲ್ಲಿ ಹಾಕಿದ್ರೆ ಏನೂ ಬರಲ್ಲ, ಚಿಟಲ್‌ಡ್ರೂಗ್, ಚಿತಲ್‌ಡ್ರಗ್, ಹರ್ರಿಹರ್ ಅಂತೆಲ್ಲ ಹಾಕಿ ನೋಡ್ಬೇಕು.

ಹಾಗೆ ಹಾಕಿದ್ಮೇಲೇ ಆ ಸಾರ್ಜೆಂಟ್ ಮೇಜರ್ ಮಗಳ ಬ್ಯಾಪ್ಟಿಸಂ (ದೀಕ್ಷಾಸ್ನಾನ) ದಾಖಲೆ ಸಿಕ್ಕಿದ್ದು, ಊರು ಹರಿಹರ. ತಾಯಿದು ಬರೀ ಒಂದು ಕ್ರಿಶ್ಚಿಯನ್ ಹೆಸರು, ಮನೆತನದ ಹೆಸರಿಲ್ಲ, ಅಪ್ಪ ಅಮ್ಮನ ಮದುವೆ ದಾಖಲೆ ಇನ್ನೂ ಸಿಕ್ಕಿಲ್ಲ. ಆ ತಾಯಿ ಇಂಗ್ಲೆಂಡಿನವಳೋ, ಇಲ್ಲೇ ಹುಟ್ಟಿದ ಆಂಗ್ಲೋ ಇಂಡಿಯನ್ನೋ, ನಮ್ಮ ಕಡೆ ಯಾವುದೋ ಹಳ್ಳಿಯವಳೋ ಯಾರಿಗ್ಗೊತ್ತು. ಇನ್ನೂ ಹಳೇ ರಿಜಿಸ್ಟರುಗಳಲ್ಲಂತೂ ತಾಯಿ ಇಂಡಿಯಾದವಳಾಗಿದ್ರೆ ಹೆಸರೇ ಬರೀದೇ ಬಿಟ್ಟಿರೋದು ತುಂಬಾ ಇದೆ. ನಂಗೆ ಇದನ್ನ ನೋಡಿದ್ರೆ ಸಂಕಟ ಆಗುತ್ತೆ. ಇದು ಬರೀ ಅವರ ಮನೆತನದ ಚರಿತ್ರೆ, ನಮಗ್ಯಾಕೆ ಅನ್ನೋರಿಗೆ ನಾನು ಹೇಳೋದು ಇದನ್ನೇ, ಆ ಹೆಸರಿಲ್ಲದ ಹೆಣ್ಣುಮಕ್ಕಳು ನಮ್ಮವ್ರು, ಅವರಿಗೆ ಅಣ್ಣ ತಮ್ಮ ಇದ್ರು, ಆ ವಂಶದೋರು ಇವತ್ತೂ ಇದೇ ಸೀಮೇಲಿ ಇರಬಹುದು.

ಅದಕ್ಕೇ ತಮ್ಮ ಪತ್ರಿಕೆ ಮೂಲಕ ಎರಡೂ ಜಿಲ್ಲೆಯವ್ರನ್ನ ಕೇಳ್ಕೊಳ್ಳೋದು ಏನಂದ್ರೆ, ಲಂಡನ್ನಿಗೆ ಹೋಗಿದ್ದು ನಕಲು, ಎಷ್ಟೋ ಸಲ ನಕಲೂ ಹೋಗಿಲ್ಲ, ಹಾಗಾಗಿ ನಮ್ಮ ಕಡೆ ಚರ್ಚುಗಳಲ್ಲಿ ಹಳೇ ರಿಜಿಸ್ಟರ್ ಉಳ್ಕೊಂಡಿದ್ರೆ ಗೆದ್ದಲು ಹಿಡಿಯೋಕೆ ಮುಂಚೆ ಸಭೆಯ ಹಿರಿಯರು ಒಪ್ಪಿ ಸ್ಕ್ಯಾನ್ ಮಾಡಿಸ್ಲಿ. ಹಳೇ ಸಮಾಧಿ ಕಲ್ಲು ಎಲ್ಲಿ ಕಂಡ್ರೂ ಅದನ್ನ ಬಟ್ಟೆ ಒಗೆಯೋಕೆ ಒಯ್ಯೋ ಮುಂಚೆ ಮೊಬೈಲಲ್ಲಿ ಒಂದು ಫೋಟೋ ತೆಗೆದು ಊರು, ಸರ್ವೆ ನಂಬರ್ ಬರೆದಿಡ್ಲಿ. ಕಾಲೇಜುಗಳ ಹಿಸ್ಟರಿ ವಿಭಾಗದವ್ರು ಇದನ್ನ ಮಕ್ಕಳಿಗೆ ಪ್ರಾಜೆಕ್ಟ್ ಆಗಿ ಕೊಟ್ರೆ ಒಂದೇ ವರ್ಷದಲ್ಲಿ ಎರಡೂ ಜಿಲ್ಲೆಯ ಪಟ್ಟಿ ತಯಾರಾಗುತ್ತೆ. ಆ ಪಟ್ಟಿಯ ಒಂದು ಪ್ರತಿ ಕೋಟೆಯ ಟಿಕೆಟ್ ಕೌಂಟರ್ ಹತ್ರ, ಇನ್ನೊಂದು ಹರಿಹರದ ಲೈಬ್ರರೀಲಿ ಇಡಿಸೋಕೆ ಜಿಲ್ಲಾಡಳಿತ ಮನಸ್ಸು ಮಾಡ್ಬೇಕು.

ಇಂತಿ,
ಒಬ್ಬ ನಿವೃತ್ತ ಶಿಕ್ಷಕ, ಚಿತ್ರದುರ್ಗ