ಅಜ್ಜಿಯ ಡೈರಿಯಲ್ಲಿ ನೀರಿನ ಲೆಕ್ಕ

ಸಂಪಾದಕರಿಗೆ ನಮಸ್ಕಾರ.

ಜುಲೈ 21 ಬಂತೆಂದರೆ ನಿಮ್ಮ ಪತ್ರಿಕೆಯಲ್ಲಿ 1980ರ ನರಗುಂದ, ನವಲಗುಂದದ ರೈತ ಬಂಡಾಯದ ಸುದ್ದಿ ಇದ್ದೇ ಇರುತ್ತದೆ. ವೀರಗಲ್ಲಿಗೆ ಮಾಲೆ, ಭಾಷಣ, ಒಂದು ಫೋಟೊ. ಈ ಸಲ ಅದನ್ನು ಓದಿ ಪೇಪರ್ ಮಡಚಿಡಲು ಮನಸ್ಸಾಗದೆ ಟ್ರಂಕಿನಿಂದ ಅಜ್ಜಿಯ 1980ರ ಡೈರಿ ತೆಗೆದೆ.

ನಮ್ಮದು ನವಲಗುಂದ ಕಡೆಯ ಹಳ್ಳಿ. ಅಜ್ಜಿ ಓದಿದ್ದು ನಾಲ್ಕನೇ ಇಯತ್ತೆ. ಅಜ್ಜ ಹತ್ತಿ ಹಾಕುತ್ತಿದ್ದ ದಲಾಲಿ ಅಂಗಡಿಯವರು ಕೊಟ್ಟ ಡೈರಿ ಅದು. ದಿನಕ್ಕೆ ಎರಡೋ ಮೂರೋ ಸಾಲು, ಪೆನ್ಸಿಲ್ಲಿನಲ್ಲಿ. ಬೇಜಾರಾಯಿತು, ಖುಷಿಯಾಯಿತು ಅಂತ ಇಡೀ ವರ್ಷದಲ್ಲಿ ಒಂದು ಕಡೆಯೂ ಇಲ್ಲ. ಆದರೆ ನೀರಿನ ಲೆಕ್ಕ ಮಾತ್ರ ದಿನಾ ಇದೆ. ‘ಕೆರೆ ನೀರು 12 ಕೊಡ.’ ‘ಬೀಗರು ಬಂದರು, 15 ಕೊಡ.’ ಎರಿ ಭೂಮಿಯ, ಅಂದರೆ ಕಪ್ಪು ಮಣ್ಣಿನ ಊರು, ಬಾವಿ ನೀರು ಸವಳು, ಕುಡಿಯಲು ಕೆರೆಗೇ ಹೋಗಬೇಕು. ಫೆಬ್ರುವರಿ 16ರ ಸೂರ್ಯಗ್ರಹಣ ನೆನಪಿರುವವರು ನಿಮ್ಮ ಓದುಗರಲ್ಲಿ ತುಂಬಾ ಜನ ಇರಬೇಕು, ಹಾಡಹಗಲೇ ಕತ್ತಲಾದ ದಿನ. ಅಜ್ಜಿ ಬರೆದಿದ್ದು ಇಷ್ಟೇ: ‘ಮಧ್ಯಾಹ್ನ ಕತ್ತಲಾಯಿತು. ದನ ಮನೆ ಕಡೆ ತಿರುಗಿದವು. ಗ್ರಹಣ ಬಿಟ್ಟ ಮೇಲೆ ಮನೆಯಲ್ಲಿದ್ದ ನೀರೆಲ್ಲ ಚೆಲ್ಲಿ ಮತ್ತೆ 8 ಕೊಡ ತಂದೆ.’

ವಿಜ್ಞಾನಿಗಳು ಆ ಗ್ರಹಣ ನೋಡಲು ದೂರದೂರದಿಂದ ಬಂದಿದ್ದರಂತೆ. ನಮ್ಮಜ್ಜಿಗೆ ಅದು ಎಂಟು ಕೊಡ ಜಾಸ್ತಿ ಕೆಲಸ.

ಇನ್ನು ನನ್ನ ದಿನ. ಹುಬ್ಬಳ್ಳಿಯಲ್ಲಿ ಮನೆ, ಬೆಂಗಳೂರಿನ ಕಂಪನಿ ಕೆಲಸ, ಲ್ಯಾಪ್‌ಟಾಪ್ ಮುಂದೆ ಕೂತರೆ ಏಳುವುದು ಊಟಕ್ಕೆ. ರೊಟ್ಟಿ ಖಾನಾವಳಿಯಿಂದ ಬರುತ್ತದೆ, ನನಗೆ ಬಡಿಯಲು ಬರುವುದಿಲ್ಲ, ಕಲಿಯುವ ಆಸೆಯೂ ಇಲ್ಲ. ಬಟ್ಟೆಗೆ ಮಷೀನು, ಚಟ್ನಿಗೆ ಮಿಕ್ಸರ್. ಎಷ್ಟು ಹೆಜ್ಜೆ ನಡೆದೆ, ಯಾರಿಗೆ ಎಷ್ಟು ದುಡ್ಡು ಕಳಿಸಿದೆ, ಎಲ್ಲ ಫೋನೇ ಬರೆದಿಟ್ಟುಕೊಳ್ಳುತ್ತದೆ. ನಿಮ್ಮ ಓದುಗರ ಪತ್ರಗಳಲ್ಲಿ ‘ಹಿಂದಿನವರ ಬದುಕೇ ಚಂದ’ ಅಂತ ಆಗಾಗ ಬರುತ್ತದಲ್ಲ, ಹಾಗೆ ಬರೆಯುವವರು ಹನ್ನೆರಡು ಕೊಡ ಬೇಡ, ಎರಡು ಕೊಡ ಹೊತ್ತು ಬಂದು ಆಮೇಲೆ ಬರೆಯಲಿ.

ಆದರೂ ಒಂದು ವಿಷಯಕ್ಕೆ ನಗು ಬಂತು. ನಮ್ಮ ಓಣಿಗೆ ನಲ್ಲಿ ನೀರು ಬರುವುದು ಐದಾರು ದಿನಕ್ಕೊಮ್ಮೆ. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ‘ನೀರು ಬಂತಾ?’, ‘ನಿಮ್ಮ ಕಡೆ ಬಿಟ್ಟಾರೇನ್ರಿ?’ ಅನ್ನುವ ಮೆಸೇಜುಗಳನ್ನೇ ಮೇಲಿಂದ ಕೆಳಗೆ ಓದಿದರೆ ಅಜ್ಜಿಯ ಡೈರಿ ಓದಿದಂತೆಯೇ ಇರುತ್ತದೆ. ನಮ್ಮ ನಲ್ಲಿಗೆ ಬರುವುದೂ ಮಲಪ್ರಭೆಯ ನೀರೇ. ಅಂದು ರೈತರು ಬೀದಿಗಿಳಿದಿದ್ದು ಅದೇ ಮಲಪ್ರಭಾ ಕಾಲುವೆ ನೀರಿಗೆ ಹಾಕಿದ ಕರದ ವಿರುದ್ಧ ಅಲ್ವಾ?

1980ರ ಜುಲೈ 21ರ ಪುಟ ಹೀಗಿದೆ: ‘ನವಲಗುಂದದಲ್ಲಿ ಗೋಲಿಬಾರ್ ಆಯಿತಂತೆ. ಇವರು ಮುಂಜಾನೆ ಹೋದವರು ಬಂದಿಲ್ಲ. ರೊಟ್ಟಿ ಉಳಿದವು.’ ನೀರಿನ ಲೆಕ್ಕ ಬರೆಯದ ದಿನ ಇಡೀ ಡೈರಿಯಲ್ಲಿ ಇದೊಂದೇ. ಮರುದಿನ: ‘ನಸುಕಿನಲ್ಲಿ ಬಂದರು. 15 ಕೊಡ. ಅಂಗಿ ತೊಳೆಯಲು 3 ಜಾಸ್ತಿ.’ ಅಂಗಿಗೆ ಏನಾಗಿತ್ತು, ಯಾರದ್ದು ಅಂಟಿತ್ತು, ಅಜ್ಜನೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಈಗ ಕೇಳೋಣ ಅಂದರೆ ಇಬ್ಬರೂ ಇಲ್ಲ.

ಇಂಥ ಡೈರಿ, ಲೆಕ್ಕದ ಪುಸ್ತಕ ನಮ್ಮ ಕಡೆಯ ಮನೆಗಳ ಅಟ್ಟದ ಮೇಲೆ ಇನ್ನೂ ಇರಬೇಕು. ಬರುವ ಜುಲೈಗೆ ಮಾಲೆ ಹಾಕುವ ಫೋಟೊ ಜೊತೆ ಇವುಗಳ ನಾಲ್ಕು ಪುಟವನ್ನೂ ಹಾಕಿ. ನೀವು ಕೇಳಿದರೆ ಜನ ಹುಡುಕಿ ಕೊಡುತ್ತಾರೆ, ಇಲ್ಲವಾದರೆ ದೀಪಾವಳಿ ಸ್ವಚ್ಛತೆಯಲ್ಲಿ ರದ್ದಿಗೆ ಹೋಗುತ್ತವೆ. ನಮ್ಮದರ ಫೋಟೊ ತೆಗೆದು ಕಳಿಸಲು ನಾನು ತಯಾರಿದ್ದೇನೆ. ಡೈರಿ ಮಾತ್ರ ಕೈ ಬಿಟ್ಟು ಕೊಡಲ್ಲ.

ನಿಮ್ಮ ಓದುಗರಲ್ಲೊಬ್ಬಳು, ಹುಬ್ಬಳ್ಳಿ