ಭಾನುವಾರದ ‘ತಿಥಿ’ ಪ್ರದರ್ಶನ: ಬರುವ ಮುನ್ನ ಓದಿ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಸಂಜೆ 5ಕ್ಕೆ ತುಮಕೂರಿನ ಸೋಮೇಶ್ವರಪುರಂನಲ್ಲಿ, ಎಂದಿನ ಮಹಡಿ ಕೋಣೆಯಲ್ಲೇ ರಾಮ್ ರೆಡ್ಡಿ ನಿರ್ದೇಶನದ ‘ತಿಥಿ’ (2015) ಸಿನಿಮಾ ನೋಡೋಣ. ಪ್ರದರ್ಶನಕ್ಕೆ ಅನುಮತಿ ಸಿಕ್ಕಿದೆ. ಇರುವುದು 30 ಕುರ್ಚಿ. ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ.

ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು ಅನ್ನುವುದಕ್ಕಿಂತ, ಮಂಡ್ಯ ಸೀಮೆಯ ಹಳ್ಳಿಯವರೇ ನಟಿಸಿ ಅವರ ಮಾತನ್ನು ಅಲ್ಲೇ ದಾಖಲಿಸಿದ್ದಾರೆ ಅನ್ನುವುದೇ ದೊಡ್ಡದು. ಸದ್ದು ಕೆಟ್ಟರೆ ಅರ್ಧ ಸಿನಿಮಾ ಹೋದಂತೆ. ಎಚ್‌ಡಿಎಂಐ ಕೇಬಲ್ ಹಾಕಿದ ಕೂಡಲೇ ಲ್ಯಾಪ್‌ಟಾಪಿನ ಸೌಂಡು ಪ್ರೊಜೆಕ್ಟರಿನ ಪುಟ್ಟ ಸ್ಪೀಕರಿಗೆ ಹೋಗಿಬಿಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಔಟ್‌ಪುಟ್ ಬದಲಿಸಿ, ದೊಡ್ಡ ಸ್ಪೀಕರಿಗೆ ವೈರ್ ಎಳೆಯಬೇಕು. ಬ್ಲೂಟೂತ್ ಬೇಡವೇ ಬೇಡ, ತುಟಿ ಮುಂದೆ ಹೋಗಿ ಮಾತು ಹಿಂದೆ ಉಳಿಯುತ್ತದೆ. ಈ ಕೆಲಸಕ್ಕೆ ಇಬ್ಬರು 4 ಗಂಟೆಗೇ ಬೇಕು, ಯಾರು ಬರುತ್ತೀರಿ? ಪಡುವಣ ಕಿಟಕಿಗೆ ಕಟ್ಟಲು ಕಪ್ಪು ಬಟ್ಟೆ ಇದ್ದವರು ತನ್ನಿ. ಲ್ಯಾಪ್‌ಟಾಪಿನ ಸ್ಲೀಪ್ ಆಫ್ ಮಾಡಿರಿ.

ವಿಮರ್ಶೆ ಬರೆಯುವವರಿಗೆ: 200 ಪದ, ಬುಧವಾರದೊಳಗೆ. ಕಥೆಗೆ ಎರಡು ಸಾಲು ಸಾಕು. ‘ಸಹಜವಾಗಿದೆ’ ಎಂದಷ್ಟೇ ಬರೆದರೆ ಓದುವವರಿಗೆ ಏನೂ ಸಿಗುವುದಿಲ್ಲ. ಚಿತ್ರದ ಮುದುಕ ಗಡ್ಡಪ್ಪ ಸುಮ್ಮನೆ ನಡೆಯುತ್ತಾ ಹೋಗುವ ಒಂದು ದೃಶ್ಯ ಹಿಡಿಯಿರಿ: ಕ್ಯಾಮೆರಾ ಎಷ್ಟು ದೂರದಲ್ಲಿದೆ, ಶಾಟ್ ಎಷ್ಟು ಹೊತ್ತು ನಿಲ್ಲುತ್ತದೆ, ಹಿನ್ನೆಲೆ ಸಂಗೀತವಿಲ್ಲದೆ ಯಾವ ಸದ್ದು ಕಿವಿಗೆ ಬೀಳುತ್ತದೆ. ಹಿಡಿಸದಿದ್ದರೂ ಹಾಗೆಯೇ, ಯಾವ ಜಾಗದಲ್ಲಿ ಎಂದು ತೋರಿಸಿ ಬರೆಯಿರಿ. ಕಡಿಮೆ ದುಡ್ಡಿನ ಸಿನಿಮಾ ಎಂದು ರಿಯಾಯಿತಿ ಕೊಡಬೇಡಿ, ಅದು ಮಾಡಿದವರಿಗೆ ಅವಮಾನ.

ಹೆಸರು ಹಾಕುವಾಗ ವಿಮರ್ಶೆ ಬರೆಯುತ್ತೀರಾ ಎಂಬುದನ್ನೂ ತಿಳಿಸಿ.