ಉಡುಪಿ ಸರ್ವಿಸ್ ಬಸ್ ಸ್ಟ್ಯಾಂಡ್ ಬಳಿಯ ಮೊಬೈಲ್ ಅಂಗಡಿಯ ಅಣ್ಣನಿಗೆ

ಆಟಿ ತಿಂಗಳ ಮಳೆಗೆ ಹೊಸ ಫೋನು ‘ಪೋರ್ಟ್‌ನಲ್ಲಿ ತೇವ’ (ಪೋರ್ಟ್ ಎಂದರೆ ಕೇಬಲ್ ಚುಚ್ಚುವ ತೂತು) ಎಂದು ಚಾರ್ಜ್ ಆಗದೆ ನಿಂತಾಗ ಬಿಲ್ ಬರೆಯದೆ ದಾರಿ ಹೇಳಿಕೊಟ್ಟಿರಿ. ತುಂಬ ಉಪಕಾರವಾಯಿತು. ಕೇಬಲ್ ತೆಗೆದು, ಪೋರ್ಟ್ ಕೆಳಮುಖ ಮಾಡಿ ಅಂಗೈಗೆ ಮೆಲ್ಲ ತಟ್ಟಬೇಕು. ಗಾಳಿಯಾಡುವಲ್ಲಿ ಕನಿಷ್ಠ 30 ನಿಮಿಷ ಇಡಬೇಕು. ಪೂರ್ತಿ ಒಣಗಲು ಕೆಲವೊಮ್ಮೆ 24 ಗಂಟೆಯೂ ಬೇಕು. ಅಕ್ಕಿ ಡಬ್ಬಿಯಲ್ಲಿ ಹುಗಿದರೆ ಹುಡಿ ಒಳಗೆ ಸೇರುತ್ತದೆ (ಕುಚ್ಚಲಕ್ಕಿ ಗಂಜಿಗೇ ಇರಲಿ ಮಾರಾಯ್ರೆ). ಹೇರ್ ಡ್ರೈಯರ್, ಹತ್ತಿಕಡ್ಡಿ ಎರಡೂ ಬೇಡ. ಎಚ್ಚರಿಕೆ ಕಡೆಗಣಿಸಿ ಒದ್ದೆ ಪೋರ್ಟಿಗೆ ಕರೆಂಟು ಕೊಟ್ಟರೆ ಪಿನ್ನುಗಳು ತುಕ್ಕು ಹಿಡಿದು ಹಾಳಾಗುತ್ತವೆ. ಕೇಬಲಿನ ತುದಿಯನ್ನೂ ಒಣಗಿಸಬೇಕು ಎಂದಿರಲ್ಲ, ಅದು ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ. ತುರ್ತಿದ್ದು, ಫೋನಿನಲ್ಲಿ ಸೌಲಭ್ಯವೂ ಇದ್ದರೆ, ಹಿಂಬದಿ ಚೆನ್ನಾಗಿ ಒರೆಸಿ ವೈರ್‌ಲೆಸ್ ಚಾರ್ಜರಿನ ಮೇಲಿಡಬಹುದು.